ಕೀ ಅಕ್ಕನ ಕೆಂಪು ಟೋಪಿ

ಕೀ ಅಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಪಿಂಚಣಿಯ ಕಾಗದದಲ್ಲಿ ಅದು ಈಗಲೂ ಇದೆ. ಆದರೆ ಈಜುಕೊಳದಲ್ಲಿ ಮೂವತ್ತನಾಲ್ಕು ವರ್ಷ ಬೀಗದ ಕೈ ಕೊಟ್ಟು, ಬೀಗದ ಕೈ ಇಸಿದುಕೊಂಡ ಹೆಂಗಸನ್ನು ಆ ಉದ್ದದ ಹೆಸರಿನಿಂದ ಕರೆಯುವ ತಾಳ್ಮೆ ಯಾರಿಗಿರುತ್ತದೆ? ಮಕ್ಕಳು ಒದ್ದೆ ಕೈಯಲ್ಲಿ ಕಿಟಕಿ ಬಡಿದು "ಅಕ್ಕಾ, ಕೀ!" ಎಂದು ಕೂಗುತ್ತಿದ್ದವು. ಅದೇ ತಿರುವುಮುರುವಾಗಿ ಕೀ ಅಕ್ಕ ಆಯಿತು. ಹಾಗೆ ಕೂಗಿದ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಕರೆದುಕೊಂಡು ಬಂದಾಗಲೂ ಅವಳು ಅಕ್ಕನೇ. ಬಡ್ತಿ ಸಿಗದಿದ್ದರೂ ವಯಸ್ಸಾಗದ ಹುದ್ದೆಯೊಂದು ಸಿಕ್ಕಿತ್ತು ಅನ್ನಿ.

ಕಿಟಕಿಯ ಹಿಂದೆ ಒಂದು ಹಲಗೆ, ಹಲಗೆಯ ಮೇಲೆ ನೂರಿಪ್ಪತ್ತು ಮೊಳೆ, ಮೊಳೆಗೊಂದು ಕೀ, ಕೀಗೊಂದು ರಬ್ಬರ್ ಬಳೆ. ಬಂದವರು ಬಟ್ಟೆ, ಗಡಿಯಾರ, ಚಪ್ಪಲಿ ಎಲ್ಲ ಕಪಾಟಿನಲ್ಲಿಟ್ಟು, ಆ ಬಳೆಯನ್ನು ಕೈಗೆ ಏರಿಸಿಕೊಂಡು ನೀರಿಗೆ ಇಳಿಯುತ್ತಿದ್ದರು. ಕೊಳ ಮುಚ್ಚುವ ಹೊತ್ತಿಗೆ ನೂರಿಪ್ಪತ್ತು ಮೊಳೆಯೂ ತುಂಬಿರಬೇಕು. ಒಂದು ಮೊಳೆ ಬರಿದಾಗಿದ್ದರೆ ಒಬ್ಬರು ಇನ್ನೂ ಒಳಗಿದ್ದಾರೆ ಎಂದರ್ಥ. ಒಳಗೆ ಎಂದರೆ ನೀರಿನ ಒಳಗೂ ಆಗಿರಬಹುದು. ಒಮ್ಮೆ ತೊಂಬತ್ತೆರಡನೇ ಕೀ ಬರಲಿಲ್ಲವೆಂದು ಅವಳು ಇಡೀ ಸಿಬ್ಬಂದಿಯನ್ನು ಮುಕ್ಕಾಲು ಗಂಟೆ ಮನೆಗೆ ಬಿಡಲಿಲ್ಲ. ದೊಡ್ಡ ಕೊಳದ ಮೂಲೆಮೂಲೆ ಜಾಲಾಡಿಸಿದಳು. ಕೊನೆಗೆ ನೋಡಿದರೆ ಆಸಾಮಿ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ಎಲ್ಲರೂ ನಕ್ಕರು. ಕೀ ಅಕ್ಕ ನಗಲಿಲ್ಲ, ಕೀ ಇಸಿದುಕೊಂಡು ಮೊಳೆಗೆ ಹಾಕಿದಳು.

ಮದುವೆ ಯಾಕಾಗಲಿಲ್ಲ ಎಂದು ಕೇಳುವವರು ಕೇಳುತ್ತಲೇ ಇದ್ದರು. ಅಮ್ಮ ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದರು, ಕೇಳಿಕೊಂಡು ಬಂದ ಇಬ್ಬರಿಗೂ ಕಾಯುವ ವ್ಯವಧಾನ ಇರಲಿಲ್ಲ, ಅಷ್ಟೆ. ಇದರಲ್ಲಿ ಕಥೆ ಕಟ್ಟುವಂಥದ್ದೇನೂ ಇಲ್ಲ. ಬೆನ್ನು ಒರೆಸುವಾಗ, ಮಗ್ಗುಲು ಬದಲಿಸುವಾಗ ಅಮ್ಮ ದಿನಾ ಒಂದೇ ಮಾತು ಹೇಳುತ್ತಿದ್ದರು: "ನಿಂಗೆ ಭಾರ ಆಗ್ಬಿಟ್ನಲ್ಲೇ." ಹನ್ನೊಂದು ವರ್ಷ ಆ ಮಾತು ಕೇಳಿ ಕೇಳಿ ಕೀ ಅಕ್ಕ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಳು. ಯಾರಿಗೂ ಭಾರವಾಗಕೂಡದು. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟರೆ ಮುಂದಿನ ನಿಲ್ದಾಣದಲ್ಲೇ ಇಳಿಯುವವಳ ಹಾಗೆ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು.

ಅರವತ್ತಕ್ಕೆ ನಿವೃತ್ತಿಯಾಯಿತು. ಕಿಟಕಿಯ ಜಾಗದಲ್ಲಿ ಯಂತ್ರ ಬಂತು; ಕಾರ್ಡು ತೋರಿಸಿದರೆ ಅದು ಕುಯ್ಯೆಂದು ಬಾಗಿಲು ತೆಗೆಯುತ್ತದೆ. ಕೀ ಅಕ್ಕ ಎರಡನೇ ಮಹಡಿಯ ಬಾಡಿಗೆ ಕೋಣೆಯಲ್ಲಿ ಆರು ವರ್ಷ ಕಳೆದಳು. ಒಂದು ಕಿಟಕಿ, ಒಂದು ಒಲೆ, ಒಂದು ರೇಡಿಯೋ. ಬೇರೆ ಊರಿನಲ್ಲಿರುವ ತಮ್ಮ ತಿಂಗಳ ಮೊದಲ ಭಾನುವಾರ ತಪ್ಪದೆ ಫೋನ್ ಮಾಡುತ್ತಿದ್ದ. "ಹೇಗಿದೀಯ ಅಕ್ಕ?" "ನನಗೇನು ಧಾಡಿ? ಗುಂಡುಕಲ್ಲಿನ ಹಾಗಿದೀನಿ." ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಗುಂಡುಕಲ್ಲು ಒಂದು ಶುಕ್ರವಾರ ಬಚ್ಚಲಿನಲ್ಲಿ ಜಾರಿ ಬಿತ್ತು. ಮೂಳೆ ಮುರಿಯಲಿಲ್ಲ, ಕಾಲು ಮಾತ್ರ ಊದಿ ಕುಂಬಳಕಾಯಿಯಾಯಿತು. ತೆವಳಿಕೊಂಡು ಹಾಸಿಗೆ ಸೇರಿದಳು. ಫೋನು ಒಲೆಯ ಮೇಲಿನ ಗೂಡಿನಲ್ಲಿತ್ತು, ಕೈಗೆ ಎಟುಕಲಿಲ್ಲ. ಹತ್ತಿರದಲ್ಲಿದ್ದ ಒಂದು ತಂಬಿಗೆ ನೀರಿನಲ್ಲಿ ಎರಡು ದಿನ ತಳ್ಳಿದಳು. ಭಾನುವಾರ ಮಧ್ಯಾಹ್ನ ಗೋಡೆ ಹಿಡಿದು ಕೆಳಗಿಳಿದಾಗ ಅಂಗಡಿಯವನು ಮುಖ ಅರಳಿಸಿ ಕೇಳಿದ: "ಏನಕ್ಕ, ಊರಲ್ಲಿರ್ಲಿಲ್ವಾ?"

"ಇದ್ದೆ," ಎಂದಳು ಕೀ ಅಕ್ಕ. ಮೇಲೆ ಬಂದು ಹಾಸಿಗೆಯ ಮೇಲೆ ಕೂತು ಅತ್ತಳು. ಕಾಲು ನೋವಿಗಲ್ಲ. ಎರಡು ದಿನ ಒಂದು ಮೊಳೆ ಬರಿದಾಗಿತ್ತು, ಹಲಗೆ ನೋಡುವವರು ಯಾರೂ ಇರಲಿಲ್ಲ. ಮೂವತ್ತನಾಲ್ಕು ವರ್ಷ ಊರವರನ್ನೆಲ್ಲ ಎಣಿಸಿದವಳನ್ನು ಎಣಿಸುವವರು ಒಬ್ಬರೂ ಇಲ್ಲ.

ಕಾಲು ನೆಟ್ಟಗಾದ ಮರುದಿನವೇ ಅವಳು ಈಜುಕೊಳಕ್ಕೆ ಹೋದಳು. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಹಳೆ ಸಿಬ್ಬಂದಿಯ ಕಾರ್ಡು ಇನ್ನೂ ನಡೆಯುತ್ತಿತ್ತು. ಚಿಕ್ಕ ಕೊಳದ ಪಕ್ಕದ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಬೆಳಿಗ್ಗೆ ಹತ್ತು ಗಂಟೆ, ಹೆಂಗಸರು ಈಜು ಕಲಿಯುವ ಹೊತ್ತು. ಮೂರು ದಿನ ಯಾರೂ ಏನೂ ಅನ್ನಲಿಲ್ಲ. ನಾಲ್ಕನೇ ದಿನ ಕಲಿಸುವ ಹುಡುಗಿ ಎದುರಿಗೆ ಬಂದು ನಿಂತಳು.

ಇಪ್ಪತ್ತಮೂರರ ಹುಡುಗಿ, ಅಗಲ ಭುಜ, ಗಂಡುಮಕ್ಕಳ ಕ್ರಾಪು, ಕುತ್ತಿಗೆಯಲ್ಲಿ ಸೀಟಿ. ಬಾಯಿ ಮಾತಿಗಿಂತ ಸೀಟಿ ಊದುವುದೇ ಹೆಚ್ಚು, ಹಾಗಾಗಿ ಎಲ್ಲರೂ ಪೀಪಿ ಎಂದೇ ಕರೆಯುತ್ತಿದ್ದರು.

"ಅಜ್ಜಿ, ಇಲ್ಲಿ ಕೂರೋ ಹಾಗಿಲ್ಲ. ನೀರಿಗೆ ಇಳಿಯೋರಿಗೆ ಮಾತ್ರ."

"ಅಜ್ಜಿ ಆಗ್ಬೇಕಾದ್ರೆ ಮೊದಲು ಅಮ್ಮ ಆಗ್ಬೇಕು. ಅದಕ್ಕೂ ಮೊದಲು ಮದುವೆ ಆಗ್ಬೇಕು. ನಾನು ಎರಡೂ ಮಾಡ್ಕೊಂಡಿಲ್ಲ. ಅಕ್ಕ ಅನ್ನು."

"ಸರಿ, ಅಕ್ಕ. ಎದ್ದೇಳಿ."

"ನಾನಿಲ್ಲಿ ಮೂವತ್ನಾಲ್ಕು ವರ್ಷ ಕೆಲಸ ಮಾಡಿದೀನಿ ಕಣಮ್ಮ."

"ಮೂವತ್ನಾಲ್ಕು ವರ್ಷದಲ್ಲಿ ಒಂದು ಸಲನಾದ್ರೂ ನೀರಿಗೆ ಇಳಿದಿದೀರಾ?"

ಕೀ ಅಕ್ಕ ಚೀಲ ಹೆಗಲಿಗೇರಿಸಿದಳು. ಇಳಿದಿರಲಿಲ್ಲ. ಮಿಠಾಯಿ ಅಂಗಡಿಯವರು ಮಿಠಾಯಿ ತಿನ್ನದ ಹಾಗೆ ಅದೂ ಒಂದು ಅಭ್ಯಾಸವಾಗಿ ಹೋಗಿತ್ತು. ಎದ್ದು ಹೋದಳು, ಪೀಪಿ ಗೆದ್ದೆ ಅಂದುಕೊಂಡಳು. ಮರುದಿನ ಹತ್ತಕ್ಕೆ ಸರಿಯಾಗಿ ಕೀ ಅಕ್ಕ ಮೊಣಕಾಲಿನವರೆಗೆ ಬರುವ ಕಪ್ಪು ಈಜುಡುಪು ತೊಟ್ಟು, ತಲೆಗೆ ಕೆಂಪು ಟೋಪಿ ಏರಿಸಿ, ಮೆಟ್ಟಿಲ ಬಳಿ ಬಂದು ನಿಂತಳು. ಹೊಸಬರಿಗೆ ಕೆಂಪು ಟೋಪಿ; ಒಂದು ನಿಮಿಷ ಆಸರೆಯಿಲ್ಲದೆ ತೇಲಿದವರಿಗೆ ನೀಲಿ ಟೋಪಿ, ಆಮೇಲೆ ಅವರು ದೊಡ್ಡ ಕೊಳಕ್ಕೆ. ಅದು ಅಲ್ಲಿನ ನಿಯಮ.

"ಇಳಿದೆ ನೋಡು," ಎಂದಳು. ಹಠಕ್ಕೆ ಬಿದ್ದರೆ ಅವಳು ಯಾರ ಮಾತೂ ಕೇಳುವ ಪೈಕಿಯಲ್ಲ.

ಇಳಿದದ್ದೇನೋ ಇಳಿದಳು, ಮುಂದೆ? ಸೊಂಟದ ತನಕ ನೀರಿನಲ್ಲಿ ನಿಂತು ಗಡಗಡ ನಡುಗಿದಳು. ಪೀಪಿ ಹಿಂದಿನಿಂದ ಬಂದು ಅವಳನ್ನು ನೀರಿನ ಮೇಲೆ ಅಂಗಾತ ಮಲಗಿಸಿ ಬೆನ್ನಿನ ಕೆಳಗೆ ಅಂಗೈ ಇಟ್ಟಳು. ಕೀ ಅಕ್ಕ ಹಲಗೆಯ ಹಾಗೆ ಸೆಟೆದುಕೊಂಡಳು.

"ಭಾರ ಬಿಡಿ," ಎಂದಳು ಪೀಪಿ.

"ಏನು?"

"ನಿಮ್ಮ ಭಾರ ಎಲ್ಲ ನನ್ನ ಕೈ ಮೇಲೆ ಬಿಡಿ. ನೀವೇ ಹಿಡ್ಕೊಂಡಿದ್ರೆ ಮುಳುಗ್ತೀರಿ."

ಭಾರ ಬಿಡಿ! ಇಂಥ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಅಂಗೈ ಬೆನ್ನಿನ ನಡುವೆ ಬೆಚ್ಚಗೆ ನಿಂತಿತ್ತು. ಡಾಕ್ಟರ ಸ್ಟೆತಾಸ್ಕೋಪು ಬಿಟ್ಟರೆ ತನ್ನ ಬೆನ್ನು ಮುಟ್ಟಿದವರು ಯಾರು ಎಂದು ಕೀ ಅಕ್ಕ ನೆನೆಸಿಕೊಂಡಳು. ಅಮ್ಮ ಹಾಸಿಗೆ ಹಿಡಿಯುವುದಕ್ಕೂ ಮೊದಲಿನ ಮಾತದು. ಕಣ್ಣಲ್ಲಿ ನೀರು ಬಂತು. ಕೊಳದಲ್ಲಿರುವುದರ ಅನುಕೂಲ ಏನೆಂದರೆ ಅದು ಯಾರಿಗೂ ಕಾಣುವುದಿಲ್ಲ.

ಹಾಗೆ ಶುರುವಾಯಿತು. ಹನ್ನೊಂದಕ್ಕೆ ಕಲಿಕೆ ಮುಗಿದರೆ ಪೀಪಿಗೆ ಅರ್ಧ ಗಂಟೆ ಬಿಡುವು. ನೀರು ಕಾಯಿಸುವ ಕೋಣೆಯ ಹೊರಗೋಡೆ ಸದಾ ಬೆಚ್ಚಗಿರುತ್ತದೆ. ಇಬ್ಬರೂ ಅದಕ್ಕೆ ಒರಗಿ ಕೂರುತ್ತಿದ್ದರು. ಕೀ ಅಕ್ಕ ಬೇಯಿಸಿದ ಮೊಟ್ಟೆ, ಬ್ರೆಡ್ಡು ತರುತ್ತಿದ್ದಳು. ಪೀಪಿ ನಾಲ್ಕು ಮೊಟ್ಟೆಯನ್ನು ಉಸಿರು ಬಿಡದೆ ತಿಂದು ಮುಗಿಸಿ, ಐದನೆಯದರ ಮೇಲೆ ಕಣ್ಣಿಡುತ್ತಿದ್ದಳು.

"ನಿಧಾನಕ್ಕೆ ತಿನ್ನೇ, ಯಾರೂ ಕಿತ್ಕೊಳ್ಳಲ್ಲ."

"ಹಾಸ್ಟೆಲಲ್ಲಿ ಕಿತ್ಕೊಳ್ತಿದ್ರು."

ಒಂಬತ್ತನೇ ವಯಸ್ಸಿಗೆ ಕ್ರೀಡಾ ಹಾಸ್ಟೆಲಿಗೆ ಸೇರಿಸಿದ್ದರಂತೆ. ಅಮ್ಮ ಬೇರೆ ಸಂಸಾರ ಹೂಡಿದ್ದಳು, ಅಲ್ಲಿ ಇವಳಿಗೆ ಜಾಗವಿರಲಿಲ್ಲ. ಹತ್ತು ವರ್ಷ ಗಡಿಯಾರದ ಎದುರು ಈಜಿದಳು, ಪದಕ ಗೆದ್ದಳು, ಒಂದು ದಿನ ಬಲಭುಜ ಕೈಕೊಟ್ಟಿತು. ಮುಗಿಯಿತು. "ನಿನಗೆ ಯಾರು ಕಲಿಸಿದ್ರು, ಹೀಗೆ ಬೆನ್ನ ಕೆಳಗೆ ಕೈ ಇಟ್ಟು?" ಎಂದು ಕೇಳಿದರೆ ಪೀಪಿ ನಕ್ಕುಬಿಟ್ಟಳು. "ನನಗ್ಯಾರು ಇಡ್ತಾರೆ? ತಳ್ಳಿದ್ರು. ಬಂತು."

ಒಂದು ದಿನ ಬಸ್ಸು ಕೆಟ್ಟು ನಿಂತಿತು. ಹತ್ತು ಗಂಟೆ ದಾಟಿ ಎಂಟು ನಿಮಿಷವಾಗಿತ್ತು, ಚೀಲದೊಳಗಿನ ಫೋನು ಅರಚಿಕೊಂಡಿತು.

"ಎಲ್ಲಿದೀರಿ?" ಪೀಪಿಯ ದನಿ ಗದರುವ ಹಾಗಿತ್ತು.

"ಬಸ್ಸಲ್ಲಿ. ಕೆಟ್ಟು ನಿಂತಿದೆ."

"ಹೇಳೋಕೇನು ಧಾಡಿ ನಿಮಗೆ? ಬಿದ್ಗಿದ್ರೇನೋ ಅಂತ ನಾನಿಲ್ಲಿ..." ಎಂದು ಅರ್ಧಕ್ಕೇ ಫೋನು ಇಟ್ಟಳು.

ಕೀ ಅಕ್ಕ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಪಕ್ಕದವನು ಬಸ್ಸಿನ ಡ್ರೈವರನನ್ನು ಬೈಯುತ್ತಿದ್ದ. ಇವಳಿಗೆ ಆ ಡ್ರೈವರನ ಕಾಲಿಗೆ ಬೀಳುವಷ್ಟು ಖುಷಿಯಾಗಿತ್ತು. ಎಂಟೇ ನಿಮಿಷಕ್ಕೆ ಒಬ್ಬರು ಮೊಳೆ ನೋಡಿದ್ದರು.

ಇಷ್ಟಕ್ಕೂ ತೇಲುವುದೇನು ಬ್ರಹ್ಮವಿದ್ಯೆಯಲ್ಲ. ಮೂರನೇ ವಾರ ಒಂದು ಬೆಳಿಗ್ಗೆ ಪೀಪಿ ಪಕ್ಕದವಳಿಗೆ ಏನೋ ಹೇಳಲು ತಿರುಗಿದಾಗ ಅಂಗೈ ಸರಿಯಿತು. ಕೀ ಅಕ್ಕ ನೀರಿನ ಮೇಲೆಯೇ ಇದ್ದಳು. ಹಗುರಾಗಿ, ಎಲೆಯ ಹಾಗೆ. ಮರುಕ್ಷಣ ಅವಳಿಗೆ ಹೊಳೆಯಿತು: ತೇಲಲು ಬಂದರೆ ನೀಲಿ ಟೋಪಿ. ನೀಲಿ ಟೋಪಿ ಎಂದರೆ ದೊಡ್ಡ ಕೊಳ. ದೊಡ್ಡ ಕೊಳ ಎಂದರೆ ಬೆನ್ನ ಕೆಳಗೆ ಕೈ ಇಲ್ಲ, ಹತ್ತು ಗಂಟೆ ಇಲ್ಲ, ಬೆಚ್ಚನೆ ಗೋಡೆ ಇಲ್ಲ, ಎಂಟು ನಿಮಿಷಕ್ಕೆ ಬರುವ ಫೋನೂ ಇಲ್ಲ. ಕೀ ಅಕ್ಕ ತಕ್ಷಣ ಕೈಕಾಲು ಬಡಿದು ಮುಳುಗಿದಳು.

ಅಂದಿನಿಂದ ದಿನಾ ಮುಳುಗಿದಳು. ಕೆಮ್ಮುತ್ತ, ಉಗುಳುತ್ತ, "ಅಯ್ಯೋ ನನ್ನಿಂದಾಗಲ್ಲಮ್ಮ" ಎನ್ನುತ್ತ ಮುಳುಗಿದಳು. ಜೊತೆಯವರು ಒಬ್ಬೊಬ್ಬರಾಗಿ ನೀಲಿ ಟೋಪಿ ಹಾಕಿಕೊಂಡು ಆಚೆ ಕೊಳಕ್ಕೆ ಹೋದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು ಅರವತ್ತಾರನೇ ವಯಸ್ಸಿನಲ್ಲಿ ಮೈಯೆಲ್ಲ ಸುಳ್ಳಾಗಿ ನಿಂತಿದ್ದಳು. ನಾಚಿಕೆಯಾಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಆಗುತ್ತಿದ್ದುದು ನಾಚಿಕೆಗಿಂತ ದೊಡ್ಡದು.

ಐದನೇ ತಿಂಗಳ ಕೊನೆಗೆ ಮೇಲ್ವಿಚಾರಕ ಬಾಗಿಲ ಬಳಿ ಸಿಕ್ಕಿದ. ಅವನೂ ಹಿಂದೊಮ್ಮೆ ಒದ್ದೆ ಕೈಯಲ್ಲಿ ಕಿಟಕಿ ಬಡಿದವನೇ.

"ಕೀ ಅಕ್ಕ, ತಪ್ಪು ತಿಳ್ಕೋಬೇಡಿ. ನಿಮ್ಮಿಂದ ಆ ಹುಡುಗಿ ಕೆಲಸಕ್ಕೆ ಕುತ್ತು ಬರ್ತಿದೆ."

ಕೀ ಅಕ್ಕ ಕಾರ್ಡು ತೋರಿಸಲು ಎತ್ತಿದ ಕೈಯನ್ನು ಇಳಿಸಿದಳು. ಅವನು ಬಿಡಿಸಿ ಹೇಳಿದ. ಪೀಪಿ ಇನ್ನೂ ಆರು ತಿಂಗಳ ಪರೀಕ್ಷಾವಧಿಯಲ್ಲಿದ್ದಾಳೆ. ಅವಳಿಗೆ ಒಪ್ಪಿಸಿದ ಹತ್ತು ಜನರಲ್ಲಿ ಎಂಟು ಜನ ನೀಲಿ ಟೋಪಿ ಹಾಕಿದರೆ ಕೆಲಸ ಖಾಯಂ. ಏಳಾಗಿದೆ. ಇಬ್ಬರು ನಡುವೆಯೇ ಬಿಟ್ಟು ಹೋದರು. ಉಳಿದವಳು ಒಬ್ಬಳೇ.

"ನಾನೇ ಬಂದು ಒಂದು ಸಲ ನೋಡ್ತೀನಿ ಅಂದ್ರೆ ಅವಳು ಬಿಡಲ್ಲ. ಪ್ರತಿ ವಾರ ವರದಿಯಲ್ಲಿ ಅದೇ ಬರೀತಾಳೆ, ಇವರಿಗೆ ಹೆದರಿಕೆ ಹೋಗಿಲ್ಲ, ಸಮಯ ಬೇಕು ಅಂತ. ಇನ್ನು ಹನ್ನೊಂದು ದಿನ ಇದೆ ಅಷ್ಟೆ."

ಅಂದು ಮೊಟ್ಟೆಯ ಡಬ್ಬಿ ತೆರೆಯಲಿಲ್ಲ. ಗೋಡೆಗೆ ಒರಗಿ ಕೂತ ಕೂಡಲೇ ಕೀ ಅಕ್ಕ ಕೇಳಿದಳು: "ನಿನಗೆ ಗೊತ್ತಿತ್ತಾ?"

ಪೀಪಿ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. "ಮೂರನೇ ವಾರದಿಂದ."

"ಹೇಗೆ?"

"ನಿಜವಾಗ್ಲೂ ಮುಳುಗೋರು ಮುಳುಗೋ ಮುಂಚೆ ಉಸಿರು ಎಳ್ಕೊಳ್ಳಲ್ಲ ಅಕ್ಕ. ನೀವು ದಿನಾ ಚೆನ್ನಾಗಿ ಉಸಿರು ಎಳ್ಕೊಂಡು, ಮೂಗು ಹಿಡ್ಕೊಂಡು ಮುಳುಗ್ತಿದ್ರಿ."

ಕೀ ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪೀಪಿ ಮೊದಲು ನಕ್ಕಳು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಗು ನಿಂತ ಮೇಲೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

"ಮತ್ತೆ ಯಾಕೆ ಬಾಯಿ ಮುಚ್ಕೊಂಡಿದ್ದೆ? ಹುಚ್ಚಿ! ಕೆಲಸ ಹೋದ್ರೆ ಎಲ್ಲಿಗೆ ಹೋಗ್ತೀಯ?"

"ಎಲ್ಲಾದ್ರೂ. ಬೇರೆ ಕೊಳ ಇರುತ್ತೆ." ಬೆರಳಿನ ದಾರ ಬಿಚ್ಚಿ ಪೀಪಿ ಹೇಳಿದಳು: "ಎಲ್ಲರೂ ತೇಲೋಕೆ ಬಂದ ತಕ್ಷಣ ನನ್ನ ಕೈ ತಳ್ತಾರೆ. ಕಲಿಸೋರಿಗೆ ಅದೇ ಖುಷಿ ಆಗ್ಬೇಕು. ಆಗುತ್ತೆ. ಆದ್ರೆ ನೀವೊಬ್ರು ತಳ್ಳಲಿಲ್ಲ."

"ಖಾಯಂ ಆದ್ರೆ ನಿನ್ನ ಎಲ್ಲಿ ಹಾಕ್ತಾರೆ?"

"ದೊಡ್ಡ ಕೊಳದ ಕುರ್ಚಿ. ಬೆಳಿಗ್ಗೆ ಎಂಟರಿಂದ ಎರಡರ ತನಕ. ಕಲಿಸೋದೆಲ್ಲ ಇರಲ್ಲ, ಕಾವಲು ಮಾತ್ರ."

ಕೀ ಅಕ್ಕನಿಗೆ ಆ ಕುರ್ಚಿ ಗೊತ್ತು. ಆಳೆತ್ತರದ ಕಬ್ಬಿಣದ ಏಣಿಯ ಮೇಲಿನ ಕುರ್ಚಿ. ಕೂತವರು ಇಳಿಯುವ ಹಾಗಿಲ್ಲ, ಈಜುವವರೊಂದಿಗೆ ಮಾತಾಡುವ ಹಾಗಿಲ್ಲ, ಫೋನು ಮುಟ್ಟುವ ಹಾಗಿಲ್ಲ. ಬಿಡುವು ಸಿಕ್ಕರೂ ಒಳಗಿನ ಸಿಬ್ಬಂದಿ ಕೋಣೆಯಲ್ಲಿ, ಹೊರಗಿನವರಿಗೆ ಅಲ್ಲಿಗೆ ಪ್ರವೇಶವಿಲ್ಲ. ಆ ನಿಯಮಗಳನ್ನೆಲ್ಲ ಒಂದು ಕಾಲಕ್ಕೆ ತಾನೇ ಎಲ್ಲರಿಗೂ ಓದಿ ಹೇಳುತ್ತಿದ್ದಳು. ಅರಿವಿಲ್ಲದೆ ಭಾರವಾದರೆ ಅದು ಒಂದು ಮಾತು. ಇವಳು ಬೇಕೆಂದೇ, ನಾಲ್ಕು ತಿಂಗಳು, ಒಂದು ಹುಡುಗಿಯ ಕೆಟ್ಟ ಭುಜದ ಮೇಲೆ ಕೂತಿದ್ದಳು.

"ನಾಳೆ ಅವನನ್ನ ಕರಿ," ಎಂದಳು. "ಸ್ಟಾಪ್ ವಾಚ್ ತರೋಕೆ ಹೇಳು."

"ಇನ್ನೂ ಹನ್ನೊಂದು ದಿನ ಇದೆಯಲ್ಲ ಅಕ್ಕ," ಎಂದಳು ಪೀಪಿ. ಚಿಕ್ಕ ಮಕ್ಕಳು ಇನ್ನೊಂದು ಸುತ್ತು ಆಡಲು ಕೇಳುವ ದನಿಯಲ್ಲಿ ಕೇಳಿದಳು.

"ನಾಳೆ ಅಂದೆ."

ಮರುದಿನ ಮೇಲ್ವಿಚಾರಕ ಪ್ಯಾಂಟು ಮಡಿಸಿಕೊಂಡು ದಂಡೆಯ ಮೇಲೆ ನಿಂತ. ಪರೀಕ್ಷೆಯ ಹೊತ್ತಿಗೆ ಕಲಿಸುವವರು ಎರಡೂ ಕೈ ಮೇಲೆತ್ತಿ ಹಿಡಿಯಬೇಕು, ನೀರಿನಡಿಯಿಂದ ಆಸರೆ ಕೊಡುತ್ತಿಲ್ಲ ಎಂದು ಕಾಣಲಿಕ್ಕೆ. ಪೀಪಿ ಕೀ ಅಕ್ಕನನ್ನು ಅಂಗಾತ ಮಲಗಿಸಿದಳು. ಅಂಗೈ ಬೆನ್ನಿಗೆ ಒತ್ತಿತು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಒತ್ತಿ ನಿಂತಿತು. ಮೇಲ್ವಿಚಾರಕ ಕೆಮ್ಮಿದ. ಅಂಗೈ ಹೋಯಿತು.

ಕಿವಿ ನೀರಿನೊಳಗಿದ್ದುದರಿಂದ ಲೋಕದ ಸದ್ದೆಲ್ಲ ನಿಂತಿತು. ಮೇಲೆ ತಗಡಿನ ಮಾಡು, ಅದರ ತೊಲೆಗಳು, ಅಂಚಿನಲ್ಲಿ ಪೀಪಿಯ ಎತ್ತಿ ಹಿಡಿದ ಎರಡು ಕೈ. ಬಲಗೈ ಸ್ವಲ್ಪ ನಡುಗುತ್ತಿತ್ತು, ಆ ಭುಜಕ್ಕೆ ಅಷ್ಟು ಹೊತ್ತು ಎತ್ತಿ ಹಿಡಿಯಲು ಆಗುವುದಿಲ್ಲ. ಮುಳುಗಿಬಿಡು ಎಂದು ಮೈಯ ಕಣಕಣವೂ ಹೇಳಿತು. ಅಭ್ಯಾಸ ಅಂಥದ್ದು. ಕೀ ಅಕ್ಕ ಆ ನಡುಗುವ ಕೈಯನ್ನೇ ನೋಡುತ್ತ ಒಂದು ನಿಮಿಷ ಪೂರ್ತಿ ತೇಲಿದಳು. ಆಮೇಲೂ ತೇಲುತ್ತಲೇ ಇದ್ದಳು. ಸಮಯ ಮುಗಿಯಿತೆಂದು ಮೇಲ್ವಿಚಾರಕ ಕೂಗಿದ್ದು ಅವಳಿಗೆ ಕೇಳಿಸಿರಲಿಲ್ಲ.

ಪೀಪಿ ಖಾಯಂ ಆದಳು. ಸೋಮವಾರದಿಂದ ಕುರ್ಚಿ ಏರಿದಳು. ಕೀ ಅಕ್ಕ ನೀಲಿ ಟೋಪಿ ಹಾಕಿಕೊಂಡು ದೊಡ್ಡ ಕೊಳಕ್ಕೆ ಇಳಿದಳು, ದಂಡೆಗೆ ಹತ್ತಿರವಾಗಿ ಅಂಗಾತ ಬಿದ್ದುಕೊಂಡು ಕುರ್ಚಿಯನ್ನು ನೋಡಿದಳು. ಪೀಪಿಯ ಕಣ್ಣು ಎಡದಿಂದ ಬಲಕ್ಕೆ ಹೋಗುತ್ತಿತ್ತು, ಬಲದಿಂದ ಎಡಕ್ಕೆ ಬರುತ್ತಿತ್ತು. ನಲವತ್ತು ತಲೆಗಳಲ್ಲಿ ಒಂದರ ಮೇಲೂ ನಿಲ್ಲುತ್ತಿರಲಿಲ್ಲ. ಕೀ ಅಕ್ಕನ ಮೇಲೆ ಬಂದಾಗಲೂ ಅಷ್ಟೆ, ಬಂದಷ್ಟೇ ವೇಗದಲ್ಲಿ ದಾಟಿ ಹೋಗುತ್ತಿತ್ತು. ಒಳ್ಳೆ ಕೆಲಸಗಾತಿ. ಆ ನೋಟ ಒಬ್ಬರ ಮೇಲೆ ನಿಂತರೆ ಇನ್ನೊಬ್ಬರು ಮುಳುಗುತ್ತಾರೆ, ಇದು ಕೀ ಅಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎರಡನೇ ವಾರ, ಒಂದು ಬುಧವಾರ, ಅವಳಿಗೊಂದು ಯೋಚನೆ ಬಂತು. ನಾನೀಗ ಮುಳುಗಿದರೆ? ಅವಳು ಹಾರುತ್ತಾಳೆ. ಎಲ್ಲ ಬಿಟ್ಟು ಹಾರುತ್ತಾಳೆ, ಬಂದು ಎತ್ತಿಕೊಳ್ಳುತ್ತಾಳೆ. ಆ ಯೋಚನೆ ಬಂದ ಹಾಗೆ ಹೋಗಲಿಲ್ಲ. ಪೀಪಿಯ ಕಣ್ಣು ಆರು ಸಲ ಅತ್ತಿತ್ತ ಹೋಗಿಬರುವ ತನಕ ನಿಂತಿತು. ಏಳನೇ ಸಲಕ್ಕೆ ಕೀ ಅಕ್ಕ ಏಣಿ ಹಿಡಿದು ಮೇಲೆ ಬಂದಳು. ಟೋಪಿ ಕಿತ್ತು ಕೈಯಲ್ಲಿ ಹಿಡಿದು ಬಟ್ಟೆ ಬದಲಿಸುವ ಕೋಣೆಗೆ ನಡೆದಳು. ತನ್ನನ್ನು ಕಂಡು ತನಗೇ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ.

ಮರುದಿನದಿಂದ ಅವಳು ಮಧ್ಯಾಹ್ನ ಎರಡೂವರೆಗೆ ಬರತೊಡಗಿದಳು. ಆ ಹೊತ್ತಿಗೆ ಕುರ್ಚಿಯ ಮೇಲೆ ಬೇರೆ ಯಾರೋ ಇರುತ್ತಿದ್ದರು.

ನಾಲ್ಕು ದಿನವಾದ ಮೇಲೆ, ಪೀಪಿ ಕೆಲಸ ಮುಗಿಸಿ ಹೊರಡುವುದಕ್ಕೂ ಕೀ ಅಕ್ಕ ಬರುವುದಕ್ಕೂ ಸರಿಹೋಗಿ ಇಬ್ಬರೂ ಬಾಗಿಲಲ್ಲಿ ಎದುರುಬದುರಾದರು. ಪೀಪಿಯ ಜೊತೆ ಅವಳದೇ ವಯಸ್ಸಿನ ಇನ್ನಿಬ್ಬರು ಸಿಬ್ಬಂದಿ ಇದ್ದರು. ಅವರು ಏನೋ ತಮಾಷೆ ಮಾಡಿ ನಗಿಸುತ್ತಿದ್ದರು. ಪೀಪಿ ನಗುವುದನ್ನು ನಿಲ್ಲಿಸಿ ಹತ್ತಿರ ಬಂದಳು.

"ಯಾಕಕ್ಕ, ಬೆಳಿಗ್ಗೆ ಕಾಣ್ತಾನೇ ಇಲ್ಲ? ಹುಷಾರಾಗಿದೀರಾ?"

"ನನಗೇನು ಧಾಡಿ? ಬೆಳಿಗ್ಗೆ ಹೊತ್ತು ತುಂಬ ಜನ ಕಣೇ, ತಲೆ ಚಿಟ್ಟು ಹಿಡಿಯುತ್ತೆ. ಈ ಹೊತ್ತೇ ನನಗೆ ಚೆನ್ನಾಗಿ ಒಗ್ಗಿದೆ."

ಪೀಪಿ ಅವಳ ಮುಖವನ್ನು ದಿಟ್ಟಿಸಿ ನೋಡಿದಳು. ಕೀ ಅಕ್ಕ ಉಸಿರು ಎಳೆದುಕೊಳ್ಳದ ಹಾಗೆ ಎಚ್ಚರ ವಹಿಸಿ, ನಕ್ಕಳು. ಆಚೆಯಿಂದ ಆ ಇಬ್ಬರು "ಬಸ್ಸು ಬಂತು, ಬಾರೇ!" ಎಂದು ಕೂಗಿದರು.

"ಹಾಗಾದ್ರೆ ಸರಿ ಬಿಡಿ," ಎಂದಳು ಪೀಪಿ, ಮನಸ್ಸು ಹಗುರಾದವಳ ಹಾಗೆ. ಕೀ ಅಕ್ಕನ ಮೊಣಕೈಯನ್ನು ಒಮ್ಮೆ ಒತ್ತಿ, ಬಸ್ಸಿನತ್ತ ಓಡಿದಳು.

ನೀರಿನಲ್ಲಿ ಆಡಿದ ಸುಳ್ಳನ್ನು ಮೂರೇ ವಾರಕ್ಕೆ ಹಿಡಿದ ಹುಡುಗಿ, ನೆಲದ ಮೇಲೆ ಆಡಿದ್ದನ್ನು ನಂಬಿ ಹೋದಳು. ಕೀ ಅಕ್ಕ ಕಾರ್ಡು ತೋರಿಸಿದಳು. ಯಂತ್ರ ಕುಯ್ಯೆಂದು ಬಾಗಿಲು ತೆರೆಯಿತು, ಅವಳು ಒಳಗೆ ಹೋದಳು.